ಟವೆಲ್ ಎತ್ತಿದರೆ ಬ್ಯಾಂಡು ನಿಲ್ಲುತ್ತದೆ

ಬೆಟಗೇರಿಯ ನಮ್ಮ ಓಣಿಯಲ್ಲಿ ಹಗಲು ಹೊತ್ತು ಮಗ್ಗದ ಸದ್ದೊಂದೇ ಕೇಳುತ್ತದೆ. ಹಾಗಾಗಿ ಮನೆಯ ಹಿಂದಿನ ಖಾಲಿ ಮಗ್ಗದ ಶೆಡ್ಡಿನಿಂದ ಒಂದು ಶನಿವಾರ ಸ್ಯಾಕ್ಸೊಫೋನಿನ ದನಿ ಬಂದಾಗ, ಯಾರ ಮನೆಯಲ್ಲಿ ಮದುವೆ ಎಂದು ಪಕ್ಕದವರನ್ನು ವಿಚಾರಿಸಿದೆ. ಯಾರ ಮನೆಯಲ್ಲೂ ಮದುವೆ ಇರಲಿಲ್ಲ. ಪತ್ರಿಕೆಯ ಜಿಲ್ಲಾ ಪುಟಕ್ಕೆ ಸುದ್ದಿ ಬರೆಯುವುದು ನನ್ನ ಕೆಲಸ. ಸದ್ದು ಎಲ್ಲಿಂದ ಬಂತು ಎಂದು ಹೋಗಿ ನೋಡದೆ ಇರುವುದು ಆ ಕೆಲಸದವರಿಗೆ ಕಷ್ಟ.

ಶೆಡ್ಡಿನಲ್ಲಿ ನಾಲ್ವರಿದ್ದರು. ಸ್ಯಾಕ್ಸೊಫೋನ್ ಹಿಡಿದವನನ್ನು ನಾನು ಬಲ್ಲೆ. ನಮ್ಮ ಕಡೆ ಮದುವೆಗಳಿಗೆ ಹೋಗುವ ಬ್ಯಾಂಡ್ ಕಂಪನಿಯೊಂದರ ಮನೆತನದವನು. ಕಂಪನಿಯ ಯಜಮಾನ ಅವನ ಸೋದರಮಾವ. ಓಣಿಯಲ್ಲಿ ಹಿಂದೂ ಮುಸಲ್ಮಾನರೆನ್ನದೆ ಎಲ್ಲರಿಗೂ ಆತ ಮಾಮು. ಅಳಿಯ ಕೆಲವು ವರ್ಷ ಗೋವಾದ ಹೋಟೆಲೊಂದರಲ್ಲಿ ನುಡಿಸಿಕೊಂಡಿದ್ದು, ಅಲ್ಲಿಯ ಮುದುಕರೊಬ್ಬರಿಂದ ಜಾಜ್ ಕಲಿತು ಊರಿಗೆ ಮರಳಿದ್ದ. ಯಾಕೆ ಬಂದೆ ಎಂದು ಕೇಳಿದೆ.

"ಅಲ್ಲಿ ಊಟ ಮಾಡವ್ರು ಕೇಳೂದಿಲ್ರಿ. ಕೇಳವ್ರು ಊಟಕ್ಕ ಬರೂದಿಲ್ಲ," ಅಂದ.

ಡ್ರಮ್ಮಿನ ಮುಂದೆ ಕೂತಿದ್ದವನು ಮಾಮುವಿನ ಸ್ವಂತ ಮಗ. ಚಿಕ್ಕಂದಿನಿಂದ ಕೊರಳಿಗೆ ಡ್ರಮ್ಮು ನೇತುಹಾಕಿಕೊಂಡು ಮೆರವಣಿಗೆಯ ಮುಂದೆ ನಡೆದೇ ಬಾರಿಸಿದವನು. ಈಗ ಕುರ್ಚಿಯ ಮೇಲೆ ಕೂತರೂ ಹುರುಪು ಬಂದಾಗ ಎದ್ದು ನಿಲ್ಲುತ್ತಿದ್ದ. ಬೇಸ್ ಗಿಟಾರಿನವನು ಲಕ್ಷ್ಮೇಶ್ವರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಹಿಂದೆ ಆರ್ಕೆಸ್ಟ್ರಾಗಳಲ್ಲಿ ಬಾರಿಸಿದ್ದ. ಯಾವ ಮಾತಿಗೂ "ಆತು" ಎಂದಷ್ಟೇ ಉತ್ತರ ಕೊಡುವವನು. ನಾಲ್ಕನೆಯವರು ಕೀಬೋರ್ಡಿನ ಟೀಚರು. ಮುಂಡರಗಿಯ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾರೆ, ಭಾನುವಾರ ಬೆಟಗೇರಿಯ ಚರ್ಚಿನಲ್ಲಿ ನುಡಿಸುತ್ತಾರೆ. ಶನಿವಾರ ಶಾಲೆ ಬಿಟ್ಟ ಮೇಲೆ ಕೀಬೋರ್ಡನ್ನು ಚಾದರದಲ್ಲಿ ಸುತ್ತಿ, ಬಸ್ಸಿನ ಸೀಟಿನ ಮೇಲೆ ಮಲಗಿಸಿಕೊಂಡು ಬರುತ್ತಾರೆ.

"ಏನ್ರಿ ಟೀಚರ, ಯಾರನ್ನ ಸುತ್ಕೊಂಡು ಹೊಂಟೀರಿ?" ಎಂದು ಕಂಡಕ್ಟರು ಕೇಳಿದನಂತೆ.

"ಅರವತ್ತೊಂದು ಮಂದಿ ಅದಾರ. ಎಲ್ಲಾರೂ ಸಣ್ಣಾವ್ರು. ಅರ್ಧ ಟಿಕೀಟು ಕೊಡ್ರಿ."

ಅರವತ್ತೊಂದು ಎಂಬುದು ಕೀಬೋರ್ಡಿನ ಕೀಲಿಗಳ ಲೆಕ್ಕ. ಆ ಬಸ್ಸಿನಲ್ಲಿ ನಾನಿರಲಿಲ್ಲ. ಇದು ಟೀಚರ ಹೇಳಿಕೆ.

ಅವರು ಅಂದು ನುಡಿಸುತ್ತಿದ್ದುದನ್ನು ಕೇಳಿ, ಇದು ಯಾವ ಪಿಕ್ಚರಿನದು ಎಂದು ಕೇಳಿದೆ.

"ಯಾವ ಪಿಕ್ಚರಿಂದೂ ಅಲ್ರಿ. ನಂದ," ಅಂದ ಸ್ಯಾಕ್ಸೊಫೋನಿನವನು. ಆಮೇಲೆ ತಾಳ್ಮೆಯಿಂದ ವಿವರಿಸಿದ. ಮೊದಲು ನಾಲ್ವರೂ ಕೂಡಿ ಒಂದು ಧಾಟಿ ನುಡಿಸುತ್ತಾರೆ. ಅದು ಬರೆದಿಟ್ಟದ್ದು. ಆಮೇಲೆ ಒಬ್ಬೊಬ್ಬರಾಗಿ ಆ ಧಾಟಿಯ ಮೇಲೆ ಅಲ್ಲೇ ಆ ಗಳಿಗೆಯಲ್ಲೇ ಹೊಸದನ್ನು ಹುಟ್ಟಿಸುತ್ತಾರೆ, ಉಳಿದವರು ಆಸರೆ ಕೊಡುತ್ತಾರೆ. ಕೊನೆಗೆ ಎಲ್ಲರೂ ಧಾಟಿಗೆ ಮರಳುತ್ತಾರೆ. ಮರಳಿದಾಗಲೇ ಅದು ಮುಗಿದಂತೆ. ನಡುವೆ ನಿಂತರೆ ಹೊರಗೆ ಹೋದವರು ಮನೆಗೆ ಬಾರದೆ ಉಳಿದ ಹಾಗೆ.

ಅವನಿಗಿದ್ದ ಆಸೆ ಒಂದೇ. ತನ್ನ ಒಂದು ಧಾಟಿಯನ್ನಾದರೂ ನಮ್ಮ ಜನರ ಮುಂದೆ ಮೊದಲಿನಿಂದ ಕೊನೆಯವರೆಗೆ ನುಡಿಸಬೇಕು. ಅಲ್ಲಿಯವರೆಗೆ ಅದು ಆಗಿರಲಿಲ್ಲ. ಮುಂಡರಗಿಯ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಕರೆಂಟು ಹೋಗಿತ್ತು. ಶಿರಹಟ್ಟಿಯ ಒಂದು ಸೀಮಂತದಲ್ಲಿ ಆರತಿಗೆ ಹೊತ್ತಾಯಿತೆಂದು ಹೆಂಗಸರು ನಿಲ್ಲಿಸಿದ್ದರು. ಉಳಿದ ಕಡೆಗಳಲ್ಲಿ ಅರ್ಧಕ್ಕೆ ಯಾರಾದರೂ ಎದ್ದುಬಂದು ಪಿಕ್ಚರಿನ ಹಾಡು ಕೇಳುತ್ತಿದ್ದರು.

ಇಲ್ಲಿ ಟವೆಲಿನ ವಿಷಯ ಹೇಳಬೇಕು. ನಮ್ಮ ಕಡೆಯ ಮೆರವಣಿಗೆಯಲ್ಲಿ ಬ್ಯಾಂಡಿನ ಸದ್ದಿಗೆ ಬಾಯಿಮಾತು ಕೇಳಿಸುವುದಿಲ್ಲ. ಅದಕ್ಕೆ ಮದುವೆ ಮನೆಯ ಹಿರಿಯ ಹೆಗಲ ಟವೆಲನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಾನೆ. ಎತ್ತಿದರೆ ಬ್ಯಾಂಡು ಇದ್ದಲ್ಲೇ, ಸಾಲು ಅರ್ಧವಿದ್ದರೂ, ನಿಲ್ಲಬೇಕು. ಮಸೀದಿ ಬಂದಿರಬಹುದು, ಎದುರಿಗೆ ಶವ ಬಂದಿರಬಹುದು, ವರನ ಚಪ್ಪಲಿ ಕಿತ್ತಿರಬಹುದು. ಅದೇ ಟವೆಲನ್ನು ಸೊಂಟದ ಮಟ್ಟದಲ್ಲಿ ಮುಂದಕ್ಕೆ ಬೀಸಿದರೆ, ನಡೆಯಿರಿ ಎಂದರ್ಥ. ಬ್ಯಾಂಡಿನವರ ಮಕ್ಕಳು ಸರಿಗಮಕ್ಕಿಂತ ಮೊದಲು ಕಲಿಯುವುದು ಇದನ್ನು.

ಲಕ್ಷ್ಮೇಶ್ವರದಲ್ಲಿ ಬೇಸಿನವನ ಗೆಳೆಯನೊಬ್ಬನ ಮದುವೆಯ ಆರತಕ್ಷತೆಗೆ ನಾಲ್ವರನ್ನೂ ಕರೆದಿದ್ದರು. ನನಗೂ ಅಂದು ಅಲ್ಲಿ ಒಂದು ಸುದ್ದಿಯ ಕೆಲಸವಿತ್ತು. ಅವರ ಗಾಡಿಯಲ್ಲೇ ಹೋದೆ. ಸಂಜೆ ಕಲ್ಯಾಣ ಮಂಟಪದಲ್ಲಿ ಊಟ ನಡೆದಿತ್ತು. ಇವರು 'ಮುಂಡರಗಿ ಬಸ್ಸು' ಎಂಬ ಧಾಟಿ ಶುರುಮಾಡಿದರು. ಹೆಸರಿಡುವ ಅಧಿಕಾರ ಡ್ರಮ್ಮಿನವನದು, ಹಾಗಾಗಿ ಅವರ ಎಲ್ಲ ಧಾಟಿಗಳಿಗೂ ಇಂಥವೇ ಹೆಸರು. ಧಾಟಿ ಮುಗಿದು ಸ್ಯಾಕ್ಸೊಫೋನಿನವನು ಕಣ್ಣು ಮುಚ್ಚಿ ತನ್ನ ಪಾಳಿ ಹಿಡಿದಿದ್ದ. ಯಾರೂ ಪಿಕ್ಚರಿನ ಹಾಡು ಕೇಳಿರಲಿಲ್ಲ, ಕರೆಂಟಿತ್ತು, ಎಲ್ಲವೂ ನೆಟ್ಟಗಿತ್ತು.

ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿದ್ದ ಹತ್ತಿ ವ್ಯಾಪಾರಿಯೊಬ್ಬರು, ಬಾಗಿಲಲ್ಲಿ ನಿಂತಿದ್ದ ತಮ್ಮ ಬೀಗರಿಗೆ ಖಾಲಿ ಕುರ್ಚಿ ತೋರಿಸಲು ಟವೆಲ್ ಎತ್ತಿದರು.

ಡ್ರಮ್ಮು ಕತ್ತರಿಸಿದಂತೆ ನಿಂತಿತು. ಡ್ರಮ್ಮು ನಿಂತಿತೆಂದು ಬೇಸು ನಿಂತಿತು. ಎರಡೂ ನಿಂತವೆಂದು ಟೀಚರು ಕೈ ಎತ್ತಿದರು. ಕಣ್ಣು ಮುಚ್ಚಿದ್ದವನು ಒಬ್ಬನೇ ಮುಂದುವರಿದ. ಇನ್ನೂ ಮೂವರು ಜೊತೆಗಿದ್ದಾರೆಂಬ ನಂಬಿಕೆಯಲ್ಲಿ ಅವನು ಅವರಿಗೆ ಜಾಗ ಬಿಟ್ಟು ಬಿಟ್ಟು ನುಡಿಸುತ್ತಿದ್ದ. ಆ ಖಾಲಿ ಜಾಗಗಳಲ್ಲಿ ಮಂಟಪದ ಸದ್ದು ಕೇಳಿಸುತ್ತಿತ್ತು. ಬಡಿಸುವವರ ಬಕೆಟ್ಟಿನ ಸದ್ದು ಮೊದಲು ನಿಂತಿತು. ಆಮೇಲೆ ಮಾತು ನಿಂತಿತು. ಹೋಳಿಗೆ ಮುರಿಯುತ್ತಿದ್ದ ನನ್ನ ಪಕ್ಕದವರು ಹಾಗೇ ಕೈ ತಡೆದು ಕೂತರು. ಸಭೆಯೊಂದು ತಾನಾಗಿ ಸುಮ್ಮನಾದದ್ದನ್ನು ನನ್ನ ವೃತ್ತಿಯಲ್ಲಿ ನಾನು ನೋಡಿದ್ದು ಕಡಿಮೆ.

ಅವನು ಕಣ್ಣು ಬಿಟ್ಟು ನೋಡಿದ, ಒಬ್ಬನೇ ಇದ್ದೇನೆಂದು ತಿಳಿದು ನಿಲ್ಲಿಸಿದ. ವರನ ಗೆಳೆಯರು ಅದೇ ಸಮಯವೆಂದು ಪಿಕ್ಚರಿನ ಹಾಡು ಕೇಳಿದರು. ನಾಲ್ವರೂ ಅದನ್ನು ಚೆನ್ನಾಗಿಯೇ ನುಡಿಸಿದರು. ಜನ ಕುಣಿದರು.

"ಯಾಕಲೇ ನಿಂತಿ?" ಎಂದು ಕೆಳಗಿಳಿದ ಮೇಲೆ ಸ್ಯಾಕ್ಸೊಫೋನಿನವನು ಡ್ರಮ್ಮಿನವನನ್ನು ಕೇಳಿದ.

"ಟವೆಲ್ ಎತ್ತಿದ್ರಲ್ಲೋ ಮಾರಾಯಾ."

"ಅಂವ ಬೀಗರಿಗೆ ಕುರ್ಚಿ ತೋರ್ಸಿದಾ."

"ಅದು ನನಗ ಹೆಂಗ ಗೊತ್ತಾಗಬೇಕು? ಟವೆಲ್ ಮ್ಯಾಲ ಹೋತು, ಕೈ ನಿಂತು. ನಾ ನಿಲ್ಲಿಸಿದ್ದಲ್ಲ ಅದು."

"ನಾ ನಿಮ್ಮ ಮುಖಾ ನೋಡಿ ನಿಲ್ಲಿಸಿದೆ," ಅಂದರು ಟೀಚರು. "ನನಗ ಟವೆಲ್ ಸಂಬಂಧ ಇಲ್ಲ."

"ಆತು," ಅಂದ ಬೇಸಿನವನು.

ಆ ರಾತ್ರಿ ಬೇಸಿನವನ ಮನೆಯಲ್ಲೇ ಉಳಿದೆವು. ಮರುದಿನ ಬೆಳಿಗ್ಗೆ ಅವನನ್ನೂ ಕರೆದುಕೊಂಡು ಗದಗಿಗೆ ಬರುವಾಗ ಮಾಗಡಿಯ ಕೆರೆಯ ಹತ್ತಿರ ಗಾಡಿ ನಿಲ್ಲಿಸಿದರು. ಚಳಿಗಾಲ. ತಲೆಯ ಮೇಲೆ ಎರಡು ಕಪ್ಪು ಪಟ್ಟಿಯಿರುವ ಹೆಬ್ಬಾತುಗಳು ಹೊಲಗಳಲ್ಲಿ ಮೇಯ್ದು ಹಿಂಡು ಹಿಂಡಾಗಿ ನೀರಿಗೆ ಮರಳುತ್ತಿದ್ದವು. ಸ್ಯಾಕ್ಸೊಫೋನಿನವನು ಪೆಟ್ಟಿಗೆಯ ಕೊಂಡಿ ತೆಗೆದದ್ದೇ ತಡ, ಕೆರೆ ಕಾಯುವ ಹಿರಿಯರು ಬಡಿಗೆ ಊರಿಕೊಂಡು ಬಂದರು.

"ಏನ್ ಐತಿ ಅದರಾಗ?"

"ಬಾರಿಸೂ ಸಾಮಾನ ರೀ."

"ಇಲ್ಲಿ ಬಾರಿಸಾಂಗಿಲ್ಲ. ಅವು ಬಾಳ ದೂರದಿಂದ ಬಂದಾವು. ನೀ ಎಲ್ಲಿಂದ ಬಂದಿ?"

"ಬೆಟಗೇರಿ."

"ಹಂಗಾರ ನೀ ಸುಮ್ಮನಿರು. ಅವು ಒದರ್ಲಿ."

ಅವನು ಕೊಂಡಿ ಹಾಕಿ ಏರಿಯ ಮೇಲೆ ಕೂತು ಕೇಳಿದ. ಒಂದು ಹಕ್ಕಿ ಮುಂದೆ ಇಳಿಯುವಾಗ ಒಂಟಿಯಾಗಿ ಕೂಗುತ್ತಿತ್ತು, ಹಿಂದಿನವು ಸ್ವಲ್ಪ ಹೊತ್ತು ಸುಮ್ಮನೆ ಬಂದು, ಆಮೇಲೆ ಒಮ್ಮೆಲೇ ದನಿಗೂಡಿಸುತ್ತಿದ್ದವು. ನನಗೆ ಕಂಡದ್ದು ಇಷ್ಟು. ಅವನಿಗೆ ಬೇರೆ ಏನೋ ಕಂಡಿರಬೇಕು. ಗಾಡಿ ಹತ್ತಿದ ಮೇಲೆ ಅಂದ, "ನಿನ್ನೆ ನೀವು ಮೂರೂ ಮಂದಿ ತಪ್ಪು ಮಾಡಿದ್ದು ಛಲೋ ಆತು. ಇನ್ನ ಅದನ್ನ ಬೇಕಂತ ಮಾಡೂನು."

ಹೊಸ ಧಾಟಿ ಹಾಗೆ ಶುರುವಾಯಿತು. ನಡುವೆ ಒಂದು ಕಡೆ ಮೂವರೂ ಥಟ್ಟನೆ ನಿಲ್ಲಬೇಕು, ಸ್ಯಾಕ್ಸೊಫೋನು ಒಂಟಿಯಾಗಿ ಜಾಗ ಬಿಟ್ಟು ಬಿಟ್ಟು ನಡೆಯಬೇಕು, ಆಮೇಲೆ ಡ್ರಮ್ಮು ಮೊದಲಾಗಿ ಎಲ್ಲರೂ ಸೇರಿಕೊಳ್ಳಬೇಕು. ಡ್ರಮ್ಮಿನವನು ಅದಕ್ಕೆ ಹೆಸರಿಡಲು ಒಪ್ಪಲಿಲ್ಲ. ಪೂರಾ ಮುಗಿಯದ ಕೂಸಿಗೆ ಹೆಸರಿಡಬಾರದು ಎಂಬುದು ಅವನ ವಾದ.

ಲಕ್ಷ್ಮೇಶ್ವರದ ಖಬರು ಅಷ್ಟರಲ್ಲಿ ಮಾಮುವಿಗೆ ಮುಟ್ಟಿತ್ತು. ಮಾಮು ಅಂಗಡಿಯ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣು ಹಚ್ಚಿ ತುತ್ತೂರಿ ತಿಕ್ಕುತ್ತಿದ್ದರು. ಮದುವೆಯ ಸೀಸನ್ ಹತ್ತಿರ ಬಂದರೆ ಹಿತ್ತಾಳೆಯ ಸಾಮಾನೆಲ್ಲ ಹೀಗೆ ಹೊರಗೆ ಬರುತ್ತದೆ. ನಾನು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ, ಅಳಿಯನೂ ಮಗನೂ ತಲೆ ತಗ್ಗಿಸಿ ನಿಂತಿದ್ದರು.

"ಟವೆಲ್ ನೋಡಿ ನಿಂತದ್ದಕ್ಕ ನಾ ಬೈಯೂದಿಲ್ಲ," ಎಂದು ಮಗನಿಗೆ ಹೇಳಿದರು. "ಯಾರ ಟವೆಲ್ ಅಂತ ನೋಡಲಿಲ್ಲಲಾ, ಅದಕ್ಕ ಬೈತೀನಿ. ದಾರ್ಯಾಗ ಹೋಗವ್ರೆಲ್ಲಾ ಟವೆಲ್ ಎತ್ತತಾರ. ಬೆವರು ಒರಸ್ಕೋತಾರ, ನೊಣಾ ಹೊಡೀತಾರ. ನಿಲ್ಲಿಸೂ ಹಕ್ಕು ಮದಿವಿ ಮನಿಯವ್ರಿಗೆ ಅಷ್ಟ."

"ತಪ್ಪಾತ ಅಬ್ಬಾ."

ಮಾಮು ಅಳಿಯನ ಕಡೆ ತಿರುಗಿದರು. "ನೀ ಏನರ ಬಾರಿಸು. ನಾ ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಡ್ರಮ್ಮಿನವನ್ನ ನೀ ಇಟ್ಕೊಂಡೀ. ಸೀಸನ್ ಬಂತು. ಡ್ರಮ್ಮಿಲ್ಲದ ಬ್ಯಾಂಡು ಅಂದ್ರ ಉಪ್ಪಿಲ್ಲದ ಸಾರು."

"ಎರಡೂ ಮಾಡ್ತಾನ ಮಾಮು."

"ಎರಡೂ ಆಗೂದಿಲ್ಲ. ನಿಮ್ಮದು ಶನಿವಾರ ಐತಾರ, ಮದಿವೀನೂ ಶನಿವಾರ ಐತಾರ. ಒಂದು ಮಾತು ಹೇಳ್ತೀನಿ. ನಿಮ್ಮ ಹೊಸಾದನ್ನ ಗದಗಿನಾಗ ಒಂದು ಸಲ, ಮಂದಿ ಮುಂದ, ಪೂರಾ ಬಾರಿಸ್ರಿ. ಮಂದಿ ಅಷ್ಟೊತ್ತು ಕುಂತು ಕೇಳಿದ್ರ, ನಾ ಬ್ಯಾರೆ ಡ್ರಮ್ಮಿನವನ್ನ ಹುಡುಕ್ಕೋತೀನಿ. ನಡುವ ನಿಂತ್ರ ಇಂವ ನನ್ನ ಕೂಡ ಬರ್ತಾನ. ಮಂದಿ ನಿಲ್ಲಿಸು ಅಂದ ಮ್ಯಾಲ ಬಾರಿಸೂದು ಧಂದೆ ಅಲ್ಲ, ಹಟಾ."

ಅಳಿಯ ಒಪ್ಪಿಕೊಂಡ. ಡ್ರಮ್ಮಿನವನು ಹೋದರೆ ಆ ನಾಲ್ವರ ಗುಂಪು ಉಳಿಯುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಈ ಸುತ್ತಮುತ್ತಲಲ್ಲಿ ಅಂಥ ಸಂಗೀತಕ್ಕೆ ಬಾರಿಸುವ ಎರಡನೆಯವನಿಲ್ಲ.

ಗದಗಿನ ಒಂದು ಸಂಘದ ವಾರ್ಷಿಕ ಕಾರ್ಯಕ್ರಮದಲ್ಲಿ ಅವಕಾಶ ಸಿಕ್ಕಿತು. ಅಲ್ಲಿಯವರೆಗಿನ ತಾಲೀಮು ನಮ್ಮ ಓಣಿಗೇ ಮನರಂಜನೆಯಾಯಿತು. ಟೀಚರು ಒಂದು ನಿಯಮ ಮಾಡಿದರು. ನುಡಿಸುವಾಗ ಯಾರಾದರೂ ಟವೆಲ್ ಎತ್ತುವುದು, ಅದನ್ನು ನೋಡಿ ಡ್ರಮ್ಮು ನಿಂತರೆ ಡ್ರಮ್ಮಿನವನು ಎಲ್ಲರಿಗೂ ಚಹಾ ಕುಡಿಸುವುದು. ಮೊದಲ ವಾರ ನೇಕಾರರು ಮಗ್ಗ ನಿಲ್ಲಿಸಿ ಟವೆಲ್ ಹಿಡಿದು ಶೆಡ್ಡಿನ ಕಿಟಕಿಗೆ ಪಾಳಿ ಹಚ್ಚಿದರು. ಎಲ್ಲರಿಗೂ ಚಹಾ ಸಿಕ್ಕಿತು. ಮುಳಗುಂದದಿಂದ ನೂಲು ತರುತ್ತಿದ್ದವನೊಬ್ಬ ವಿಷಯ ಗೊತ್ತಿಲ್ಲದೆ ಟವೆಲ್ ಎತ್ತಿ ಮುಖ ಒರೆಸಿಕೊಂಡು ಒಂದು ಕಪ್ ಚಹಾ ಗಳಿಸಿದ. ಆಮೇಲೆ ಡ್ರಮ್ಮನ್ನು ಗೋಡೆಗೆ ಮುಖಮಾಡಿ ತಿರುಗಿಸಿದರು. ಚಹಾ ಕಡಿಮೆಯಾಯಿತು. ನೇಕಾರರು ಬೇಸರ ಮಾಡಿಕೊಂಡರು.

"ಗೋಡಿ ನೋಡ್ಕೋತ ಬಾರಿಸವ್ನ ಊರಾಗ ಯಾರೂ ನೋಡಿಲ್ಲ," ಎಂದ ಡ್ರಮ್ಮಿನವನು.

"ಮಂದೀನ ನೋಡಿ ನೀ ಏನ್ ಮಾಡಿದಿ ಅನ್ನೂದು ಎಲ್ಲಾರೂ ನೋಡ್ಯಾರ," ಅಂದರು ಟೀಚರು.

ಕಾರ್ಯಕ್ರಮದ ಸಂಜೆ ಸಭಾಂಗಣ ತುಂಬಿತ್ತು. ಮುಖ್ಯ ಅತಿಥಿಗಳು ಇನ್ನೂ ಬಂದಿರಲಿಲ್ಲ, ಅದರಿಂದ ಯಾರಿಗೂ ಆಶ್ಚರ್ಯವೂ ಆಗಿರಲಿಲ್ಲ. ಸಂಘದ ಕಾರ್ಯದರ್ಶಿಗಳು ಸನ್ಮಾನದ ಶಾಲು ಹಿಡಿದು ಒಳಗೂ ಹೊರಗೂ ತಿರುಗುತ್ತಿದ್ದರು.

"ಸಾಹೇಬ್ರು ಬರೂತನಕಾ ಬಾರಿಸ್ರಿ," ಅಂದರು.

"ಅವ್ರು ಜಲ್ದಿ ಬಂದ್ರ?" ಎಂದು ಸ್ಯಾಕ್ಸೊಫೋನಿನವನು ಕೇಳಿದ.

"ಎಂದೂ ಬಂದಿಲ್ಲ."

ಮಾಮು ಮುಂದಿನ ಸಾಲಿನಲ್ಲಿ ಕೂತಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ಹಸಿರು ಅಂಚಿನ ಟವೆಲ್. ವೇದಿಕೆ ಚಿಕ್ಕದಾದ್ದರಿಂದ ಡ್ರಮ್ಮನ್ನು ಗೋಡೆಗೆ ತಿರುಗಿಸಲು ಆಗಲಿಲ್ಲ. ಡ್ರಮ್ಮಿನವನು ನೇರ ಅಪ್ಪನ ಎದುರಿಗೆ ಕೂತ. ಕಣ್ಣು ಮಾತ್ರ ತನ್ನ ಕೈಯ ಮೇಲಿಟ್ಟಿದ್ದ.

ಶುರುವಾಯಿತು. ನಾಲ್ವರೂ ಧಾಟಿ ನುಡಿಸಿದರು. ಟೀಚರ ಪಾಳಿಯಲ್ಲಿ, ಲೆಕ್ಕ ಬಿಡಿಸುವಾಗ ಹಲಗೆಯ ಮೇಲೆ ಸೀಮೆಸುಣ್ಣ ಓಡುವಂತೆ ಬೆರಳು ಓಡಿದವು. ಬೇಸಿನವನು ಬಾಯಲ್ಲಿ ಆಡದ ಮಾತನ್ನೆಲ್ಲ ಅಂದು ಆಡಿದ. ಹಿಂದಿನ ಸಾಲಿನಲ್ಲಿ ಒಂದಿಬ್ಬರು ಎದ್ದುಹೋದರು, ಅವರಲ್ಲಿ ಒಬ್ಬರು ಫೋನು ಮುಗಿಸಿ ಮರಳಿದರು. ಇದನ್ನೂ ಬರೆದುಕೊಳ್ಳಬೇಕು. ಉಳಿದವರು ಕೂತೇ ಇದ್ದರು. ಆಮೇಲೆ ಆ ಜಾಗ ಬಂತು. ಮೂವರೂ ಥಟ್ಟನೆ ನಿಂತರು. ಸ್ಯಾಕ್ಸೊಫೋನು ಒಂಟಿಯಾಯಿತು.

ಸರಿಯಾಗಿ ಆಗಲೇ ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು. ಸಾಹೇಬರು ಅಂದೇ ಜಲ್ದಿ ಬಂದಿದ್ದರು.

ಮೂರು ವಾದ್ಯ ನಿಂತದ್ದನ್ನು ಕಂಡ ಕಾರ್ಯದರ್ಶಿಗಳು ಮುಗಿಯಿತೆಂದೇ ತಿಳಿದರು. ವೇದಿಕೆಯ ಮೆಟ್ಟಿಲು ಹತ್ತಿ, ಮಡಿಕೆ ಬಿಚ್ಚಲು ಶಾಲನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿ ಕೊಡವಿದರು. ಯಾವ ಟವೆಲಿಗಿಂತಲೂ ದೊಡ್ಡದು ಅದು, ಕೆಂಪು ಬಣ್ಣದ್ದು, ಡ್ರಮ್ಮಿನ ಬಗಲಿಗೇ ಬಿಚ್ಚಿಕೊಂಡಿತು. ಈಗ ಡ್ರಮ್ಮು ಮೊದಲಾಗಿ ಸೇರಿಕೊಳ್ಳಬೇಕು. ಡ್ರಮ್ಮಿನವನ ಕೈ ಎತ್ತಿದಲ್ಲೇ ನಿಂತಿತ್ತು. ಸ್ಯಾಕ್ಸೊಫೋನಿನವನು ಇನ್ನೊಂದು ಸಾಲು ನುಡಿಸಿ ಜಾಗ ಬಿಟ್ಟ. ಯಾರೂ ಬರಲಿಲ್ಲ. ಮತ್ತೊಂದು ಸಾಲು ನುಡಿಸಿದ. ಈ ಸಲ ಅವನ ಕಣ್ಣು ತೆರೆದೇ ಇತ್ತು, ಡ್ರಮ್ಮಿನವನ ಕೈಯನ್ನೇ ನೋಡುತ್ತಿತ್ತು.

ಮಾಮು ಎದ್ದು ನಿಂತರು. ಹೆಗಲ ಟವೆಲ್ ಕೈಗೆ ಬಂತು. ಅವರು ಎತ್ತಿ ಹಿಡಿದಿದ್ದರೆ ಕೊಟ್ಟ ಮಾತಿನಂತೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು, ಸೀಸನ್ನಿಗೆ ಅವರ ಡ್ರಮ್ಮಿನವನೂ ಅವರಿಗೆ ಮರಳುತ್ತಿದ್ದ.

"ಸೆಕ್ರೆಟರಿ ಸಾಹೇಬ್ರ," ಎಂದರು. ಬ್ಯಾಂಡಿನ ಸದ್ದನ್ನು ಮೀರಿ ಕೂಗಿ ರೂಢಿಯಾದ ದನಿ, ಸಭಾಂಗಣಕ್ಕೆಲ್ಲ ಕೇಳಿಸಿತು. "ಇದು ಯಾರ ಮನಿ ಮದಿವಿರಿ?"

ಕಾರ್ಯದರ್ಶಿಗಳು ಶಾಲು ಹಿಡಿದುಕೊಂಡೇ ತಿರುಗಿದರು. "ಮದಿವಿ? ಮದಿವಿ ಎಲ್ಲೈತ್ರಿ ಇಲ್ಲಿ?"

"ಐತಿ. ನಮ್ಮ ಮನೀದು. ನೀವು ಬೀಗರು, ಕುಂಡ್ರಿ."

ಹಾಗೆಂದು ಟವೆಲನ್ನು ಸೊಂಟದ ಮಟ್ಟದಲ್ಲಿ ಮುಂದಕ್ಕೆ ಬೀಸಿದರು.

ಡ್ರಮ್ಮಿನವನ ಕೈ ತಾನಾಗಿ ಇಳಿಯಿತು. ಬೇಸು ಬಂತು, ಟೀಚರು ಬಂದರು, ಹಿಂಡು ನೀರಿಗೆ ಇಳಿದ ಹಾಗೆ ನಾಲ್ವರೂ ಒಂದಾದರು. ಡ್ರಮ್ಮಿನವನು ಎದ್ದೇ ನಿಂತಿದ್ದ. ಬಾಗಿಲಲ್ಲಿದ್ದ ಮುಖ್ಯ ಅತಿಥಿಗಳು, ಕರೆದೊಯ್ಯಲು ಯಾರೂ ಬಾರದ್ದನ್ನು ಕಂಡು, ಹತ್ತಿರದ ಖಾಲಿ ಕುರ್ಚಿಯಲ್ಲಿ ಕೂತು ಕಾಲು ಕುಣಿಸತೊಡಗಿದರು. ಕಾರ್ಯದರ್ಶಿಗಳು ಮೆಟ್ಟಿಲ ಮೇಲೆಯೇ ಕೂತು ಶಾಲನ್ನು ತೊಡೆಯ ಮೇಲೆ ಮಡಿಸಿಕೊಂಡರು. ಧಾಟಿ ಮರಳಿ ಬಂತು. ಮುಗಿಯಿತು.

ಚಪ್ಪಾಳೆ ಬೀಳಲು ತುಸು ತಡವಾಯಿತು. ಇನ್ನೆಲ್ಲಿ ಮತ್ತೆ ನಡುವೆ ನಿಂತಿದ್ದಾರೋ ಎಂಬ ಅನುಮಾನ ಜನರಿಗೆ. ಮಾಮು ಟವೆಲ್ ಹೆಗಲಿಗೆ ಹಾಕಿಕೊಂಡು ಕೂತ ಮೇಲೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊರಗೆ ಬಂದು ಅಳಿಯ ಮಾಮುವಿನ ಎದುರು ನಿಂತ. ಮಾಮುವೇ ಶುರುಮಾಡಿದರು.

"ನಡುವ ಮೂರೂ ಮಂದಿ ನಿಲ್ತೀರಲಾ, ಅಲ್ಲಿ ಮಂದಿ ಮುಗೀತು ಅಂತಾರ. ಅದನ್ನಷ್ಟು ಸುಧಾರ್ಸ್ರಿ."

"ಅದ ಅದರ ಜೀವಾ ಮಾಮು. ತೆಗ್ಯಾಕ ಬರೂದಿಲ್ಲ."

ಮಾಮು ಹೆಗಲ ಟವೆಲ್ ಸರಿಪಡಿಸಿಕೊಂಡರು. "ಹಂಗಾರ ಪ್ರತೀ ಸಲ ನಾ ಮುಂದ ಕುಂಡ್ರಬೇಕಾತು."

"ಅಬ್ಬಾ, ಸೀಸನ್ನಿಗೆ ನಾನೂ..." ಎಂದು ಮಗ ರಾಗ ಎಳೆದ.

"ನೀ ಸುಮ್ಮನಿರು. ಮಾತು ಅಂದ್ರ ಮಾತು. ಬಿಂಕದಕಟ್ಟಿಯಾಗ ಒಬ್ಬ ಛಲೋ ಬಾರಿಸ್ತಾನಂತ, ನಾಳೆ ನೋಡಿ ಬರ್ತೀನಿ."

ನಾನು ಸುದ್ದಿ ಬರೆದು ಕಳಿಸಿದೆ. ಡೆಸ್ಕಿನವರು ಅದನ್ನು ಮೂರು ಸಾಲಿಗೆ ಇಳಿಸಿ, ಮುಖ್ಯ ಅತಿಥಿಗಳ ಭಾಷಣದ ಕೆಳಗೆ ಹಾಕಿದರು. ಆ ಧಾಟಿಗೆ ಡ್ರಮ್ಮಿನವನು 'ನಮ್ಮ ಮನಿ ಮದಿವಿ' ಎಂದು ಹೆಸರಿಟ್ಟದ್ದು ಮರುದಿನ ಬೆಳಿಗ್ಗೆ, ಶೆಡ್ಡಿನಲ್ಲಿ. ಹೆಸರಿಡುವಾಗ ಕಿಟಕಿಯಲ್ಲಿ ಒಬ್ಬ ನೇಕಾರ ಹಳೆಯ ಆಸೆಯಿಂದ ಟವೆಲ್ ಎತ್ತಿ ನಿಂತಿದ್ದ. ಅಂದು ಯಾರೂ ನುಡಿಸುತ್ತಿರಲಿಲ್ಲ. ಆದರೂ ಅವನಿಗೊಂದು ಚಹಾ ತರಿಸಿದರು.